ಬಿಸು ಕಣಿಗೆ ನಿಮ್ಮ ಗಿಡದ ಬೆಂಡೆ

ಮಕ್ಕಳೇ, ಶಿವರಾತ್ರಿ ಕಳೆಯಿತು. ಬಿಸುವಿಗೆ ಇನ್ನು ಏಳೆಂಟು ವಾರ. ಬೆಂಡೆಬೀಜವನ್ನು ಈ ವಾರವೇ ಮಣ್ಣಿಗೆ ಹಾಕಿದರೆ ನಲವತ್ತೈದು, ಐವತ್ತು ದಿನಕ್ಕೆ ಮೊದಲ ಕಾಯಿ ಬರುತ್ತದೆ. ಏಪ್ರಿಲ್ ಮಧ್ಯದಲ್ಲಿ ದೇವರ ಮುಂದೆ ಕಣಿ ಇಡುವಾಗ ತೆಂಗಿನಕಾಯಿ, ಸೌತೆ, ಗೇರುಹಣ್ಣು, ಮಾವಿನಕಾಯಿಗಳ ಜೊತೆಗೆ ನಿಮ್ಮ ಗಿಡದ ನಾಲ್ಕು ಬೆಂಡೆಯೂ ಇರಬಹುದು. ಹರಿವೆಗಾದರೆ ಒಂದು ತಿಂಗಳು ಸಾಕು. ತಡಮಾಡಿದರೆ ಬಿಸು ದಾಟುತ್ತದೆ, ಬಿಸಿಲು ಏರುತ್ತದೆ, ಬಾವಿಯ ನೀರು ಇಳಿಯುತ್ತದೆ. ಅದಕ್ಕೇ ಈ ಮಾತನ್ನು ಈಗಲೇ ಹೇಳುತ್ತಿದ್ದೇನೆ.

ಉಡುಪಿ, ಮಣಿಪಾಲ, ಮಂಗಳೂರಿನ ಫ್ಲ್ಯಾಟುಗಳಲ್ಲಿ ಇರುವವರು, ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯಲ್ಲಿ ಕೂತು ಮಾಡುತ್ತಿರುವವರು, ಎಲ್ಲರೂ ಕೇಳಿ. ಗಿಡ ನೆಡಿ ಎಂದು ನಾನು ಹೇಳುವುದು ನಿಮ್ಮ ತರಕಾರಿ ಖರ್ಚು ಉಳಿಯಲಿ ಎಂದಲ್ಲ. ಐದು ಸೆಂಟ್ಸಿನಲ್ಲಿ ಒಂದು ಮನೆಗೆ ವರ್ಷವಿಡೀ ಬೇಕಾದಷ್ಟು ಬೆಳೆಯಲು ಆಗುವುದೂ ಇಲ್ಲ. ಆದರೆ ಒಂದೆರಡು ತರಕಾರಿಯನ್ನು ಕೈಯಾರೆ ಬೆಳೆದವರು ಉಳಿದದ್ದನ್ನು ಕೊಳ್ಳುವ ರೀತಿಯೇ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮ ಊರಿನ ಬೆಳೆಗಾರರಿಗೆ ಈಗ ತುರ್ತಾಗಿ ಬೇಕಾಗಿರುವುದು ಅಂಥ ಗಿರಾಕಿಗಳು.

ಕರಾವಳಿಯ ವಸಂತವೆಂದರೆ ನೀರು ಹೊರುವ ಕಾಲ. ಮಳೆಗಾಲದಲ್ಲಿ ಇಲ್ಲಿ ನೀರಿಗೆ ಕೊರತೆ ಇಲ್ಲ, ತರಕಾರಿಗೆ ಕೊರತೆ. ಆಟಿ ತಿಂಗಳಲ್ಲಿ ತಗಟೆ ಸೊಪ್ಪು, ಕೆಸುವಿನ ಎಲೆ, ಕಣಿಲೆ ತಿಂದು ದಿನ ಕಳೆದದ್ದು ಇದೇ ಕಾರಣಕ್ಕೆ. ಏಣೆಲು ಭತ್ತದ ಕೊಯ್ಲು ಮುಗಿದ ಮೇಲೆ, ಗದ್ದೆಯ ತೇವ ಪೂರ್ತಿ ಆರುವ ಮೊದಲು, ಹೆಂಗಸರು ಸಾಲು ಹಿಡಿದು ಬೆಂಡೆ, ಅಲಸಂಡೆ, ಸೌತೆ, ಕುಂಬಳ, ಹರಿವೆ ಹಾಕುತ್ತಿದ್ದರು. ಕೆರೆಯಿಂದ ಕೊಡಪಾನದಲ್ಲಿ ನೀರು ಹೊತ್ತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಯ್ಯಬೇಕಿತ್ತು. ನನ್ನ ಅತ್ತೆ ಬಸಳೆ ಚಪ್ಪರದ ಬುಡಕ್ಕೆ ಒಲೆಬೂದಿ, ಗಂಜಿ ತಿಳಿ, ಮೀನು ತೊಳೆದ ನೀರು ಬಿಟ್ಟು ಬೇರೆ ಗೊಬ್ಬರ ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ. ಬೇಸಿಗೆಯಲ್ಲಿ ಬೆಳೆದದ್ದೇ ಮಳೆಗಾಲಕ್ಕೂ ಆಗಬೇಕಿತ್ತು. ಬಲಿತ ಸೌತೆಗೆ ಬಾಳೆನಾರು ಸುತ್ತಿ ಅಟ್ಟದ ಜಂತಿಗೆ ತೂಗುಹಾಕಿದರೆ ಆಟಿಯವರೆಗೂ ಕೆಡುತ್ತಿರಲಿಲ್ಲ. ಹಲಸಿನ ಸೊಳೆ ಉಪ್ಪುನೀರಿಗೆ, ಮಾವಿನ ಮಿಡಿ ಭರಣಿಗೆ. ಊರಿನದನ್ನೇ ತಿನ್ನಬೇಕು ಎಂದು ಆಗ ಯಾರೂ ಭಾಷಣ ಮಾಡುತ್ತಿರಲಿಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೆ.

ಆಮೇಲೆ ದಾರಿಯಾಯಿತು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿದು ಲಾರಿಗಳು ಬಂದವು. ಹಾಸನ, ಚಿಕ್ಕಮಗಳೂರು ಕಡೆಯ ರೈತರು ಕಷ್ಟಪಟ್ಟು ಬೆಳೆದ ಕೋಸು, ಬೀನ್ಸು, ಟೊಮೆಟೊ ನಮ್ಮ ಅಡುಗೆಮನೆಗೆ ಬಂದವು. ಅದನ್ನು ನಾನು ಬೇಡ ಅನ್ನುವುದಿಲ್ಲ. ಅವರೂ ನಮ್ಮವರೇ, ಅವರ ಬೆಳೆಗೂ ಮಾರುಕಟ್ಟೆ ಬೇಕು. ಆದರೆ ಘಾಟಿಯ ಮೇಲಿನಿಂದ ಬೆಂಡೆ, ಸೌತೆ, ಹರಿವೆಯೂ ಇಳಿಯತೊಡಗಿದ ಮೇಲೆ ನಮ್ಮ ಗದ್ದೆಗಳು ಹಡಿಲು ಬಿದ್ದವು. ಕೆಲವು ಅಡಿಕೆ ತೋಟವಾದವು, ಕೆಲವು ಸೈಟುಗಳಾದವು. ಘಾಟಿಯ ದಾರಿಯಾದರೂ ಸದಾ ತೆರೆದಿರುತ್ತದೆಯೇ? 2018ರ ಆಗಸ್ಟ್ ಮಳೆಗೆ ಶಿರಾಡಿಯಲ್ಲಿ, ಮರುವರ್ಷ ಅದೇ ತಿಂಗಳು ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತು. 2020ರ ಮಾರ್ಚ್ 25, ಯುಗಾದಿಯ ದಿನವೇ, ಕೊರೋನಾದಿಂದಾಗಿ ಇಡೀ ದೇಶಕ್ಕೆ ಬೀಗ ಬಿತ್ತು. ಆ ವಸಂತದಲ್ಲಿ ಹಿತ್ತಿಲಲ್ಲಿ ಬಸಳೆ ಚಪ್ಪರ, ತೊಂಡೆ ಬಳ್ಳಿ ಇದ್ದ ಮನೆಗಳಿಂದ ಅಕ್ಕಪಕ್ಕದ ಮನೆಗಳಿಗೆ ಸೂಡಿ ಕಟ್ಟಿ ಹೋಯಿತು. ನಿಮ್ಮಲ್ಲಿ ಎಷ್ಟೋ ಜನ ಆಗ ಇನ್ನೂ ಕಾಲೇಜಿನಲ್ಲೋ ಶಾಲೆಯಲ್ಲೋ ಇದ್ದಿರಿ, ಆದರೂ ನೆನಪಿರಬೇಕು.

ಇನ್ನು ಕೆಲಸದ ಮಾತಿಗೆ ಬರೋಣ.

ಮೊದಲು ಮಣ್ಣು. ನಮ್ಮದು ಮುರಕಲ್ಲಿನ ಮಣ್ಣು, ಹುಳಿ ಜಾಸ್ತಿ. ಮಳೆ ಅದರ ಸಾರವನ್ನು ವರ್ಷ ವರ್ಷವೂ ತೊಳೆದುಕೊಂಡು ಹೋಗುತ್ತದೆ. ಆದ್ದರಿಂದಲೇ ಹಿಂದಿನವರು ಒಣ ಎಲೆ, ಕಸಕಡ್ಡಿಯ ಮೇಲೆ ಮಣ್ಣು ಹೊದೆಸಿ ನಿಧಾನವಾಗಿ ಸುಟ್ಟು ಸುಡುಮಣ್ಣು ಮಾಡುತ್ತಿದ್ದರು. ಪೇಟೆಯಲ್ಲಿ ಹೊಗೆ ಎಬ್ಬಿಸಬೇಡಿ, ಪಕ್ಕದವರಿಗೆ ಕಷ್ಟ. ಹಟ್ಟಿಗೊಬ್ಬರ ಮತ್ತು ಒಂದೆರಡು ಹಿಡಿ ಬೂದಿ ಸಾಕು. ಬೂದಿ ಮಣ್ಣಿನ ಹುಳಿಯನ್ನು ಕಡಿಮೆ ಮಾಡುತ್ತದೆ. ಟೆರೇಸಿನವರು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಕಲಸಿ ಗ್ರೋ ಬ್ಯಾಗಿಗೆ ತುಂಬಿಸಿ. ಬರೀ ಮಣ್ಣು ತುಂಬಿಸಿದರೆ ಮಾರ್ಚಿನ ಬಿಸಿಲಿಗೆ ಒಣಗಿ ಗಟ್ಟಿಯಾಗಿ ನೀರು ಮೇಲೆಯೇ ನಿಲ್ಲುತ್ತದೆ. ಬುಡಕ್ಕೆ ತರಗೆಲೆಯನ್ನೋ ಬೈಹುಲ್ಲನ್ನೋ ದಪ್ಪಗೆ ಹೊದೆಸಿ. ಹಾಗೆ ಮಾಡಿದರೆ ನೀರು ಅರ್ಧಕ್ಕರ್ಧ ಉಳಿಯುತ್ತದೆ ಎಂಬುದು ನನ್ನ ಅಂದಾಜು. ನೀರು ಹಾಕುವುದು ಬಿಸಿಲೇರುವ ಮೊದಲು, ಇಲ್ಲವೇ ಬಿಸಿಲು ಇಳಿದ ಮೇಲೆ.

ಮೊದಲ ಸಲ ಬೆಳೆಯುವವರು ಹರಿವೆಯಿಂದ ಸುರು ಮಾಡಿ. ಬೀಜ ಸಾಸಿವೆಗಿಂತ ಸಣ್ಣದು, ಹಾಗೇ ಎಸೆದರೆ ಒಂದೇ ಕಡೆ ಬೀಳುತ್ತದೆ. ಮರಳಿನ ಜೊತೆ ಕಲಸಿ ಉದುರಿಸಿ. ಇರುವೆಗಳು ಹರಿವೆ ಬೀಜವನ್ನು ಹೊತ್ತುಕೊಂಡು ಹೋಗುತ್ತವೆ. ಪಾತಿಯ ಸುತ್ತ ಸ್ವಲ್ಪ ಅಕ್ಕಿಹಿಟ್ಟೋ ರವೆಯೋ ಚೆಲ್ಲಿದರೆ ಅವು ಅದರ ಹಿಂದೆ ಹೋಗುತ್ತವೆ, ಅಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಬೆಂಡೆಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಹಾಕಿ. ಕಾಯಿ ಬಿಡಲು ಸುರುವಾದ ಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾಲ್ಕು ದಿನ ಬಿಟ್ಟರೆ ನಾರಾಗುತ್ತದೆ, ಗಿಡವೂ ಹೊಸ ಕಾಯಿ ಬಿಡಲು ಸೋಮಾರಿಯಾಗುತ್ತದೆ. ಎಲೆಯ ನರಗಳೆಲ್ಲ ಹಳದಿಯಾದ ಗಿಡ ಕಂಡರೆ ಕರುಣೆ ತೋರಿಸದೆ ಕಿತ್ತುಹಾಕಿ. ಅದು ಬಿಳಿನೊಣ ಹರಡುವ ರೋಗ, ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಬಸಳೆಗೆ ಬೀಜವೇ ಬೇಡ. ಪೇಟೆಯಿಂದ ತಂದ ಸೂಡಿಯಲ್ಲೇ ಬಲಿತ ದಂಟನ್ನು ಎರಡು ಮೂರು ಗೆಣ್ಣು ಬರುವ ಹಾಗೆ ತುಂಡು ಮಾಡಿ ಊರಿ. ತೊಂಡೆಯೂ ತುಂಡಿನಿಂದಲೇ ಬರುತ್ತದೆ, ಆದರೆ ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ; ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ತುಂಡು ಕೇಳಿ ತನ್ನಿ. ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದರೆ ಬೆಳಗಿನ ಮಂಜು ಆರುವ ಮೊದಲು ತಣ್ಣಗಿನ ಬೂದಿ ಉದುರಿಸಿ. ಪಡುವಲ ಡೊಂಕಾಗಿ ಇಳಿಯುತ್ತಿದ್ದರೆ ತುದಿಗೆ ಒಂದು ಸಣ್ಣ ಕಲ್ಲು ಕಟ್ಟಿ.

ಹೂ ಬಿಟ್ಟಿದೆ, ಕಾಯಿ ನಿಲ್ಲುತ್ತಿಲ್ಲ ಎಂಬ ದೂರು ಟೆರೇಸಿನವರಿಂದ ಪದೇ ಪದೇ ಬರುತ್ತದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕುಂಬಳ, ಸೌತೆ, ಹೀರೆ, ಸೋರೆ, ಪಡುವಲಗಳಲ್ಲಿ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆಯಾಗಿ ಬಿಡುತ್ತವೆ. ಮೊದಲು ಬರುವುದು ಹೆಚ್ಚಾಗಿ ಗಂಡು ಹೂಗಳೇ, ಅವು ಉದುರಿದರೆ ಗಾಬರಿಯಾಗಬೇಡಿ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಪುಟ್ಟ ಕಾಯಿ ಇರುತ್ತದೆ. ಜೇನು ಬಂದು ಗಂಡು ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಐದನೇ ಮಹಡಿಗೆ ಜೇನು ಬರದಿದ್ದರೆ ಆ ಕೆಲಸ ನಿಮ್ಮದು: ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಹೊತ್ತು ನೋಡಿಕೊಳ್ಳಬೇಕು. ಕುಂಬಳ, ಸೌತೆಯ ಹೂ ಬೆಳಿಗ್ಗೆ ಅರಳುತ್ತದೆ. ಹೀರೆ, ಸೋರೆ, ಪಡುವಲ ಸಂಜೆ. ಆಫೀಸಿನಿಂದ ಬಂದವರಿಗೆ ಹೀರೆ ಒಳ್ಳೆಯದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಕಾಯಿ ಕಚ್ಚಿದ ಮೇಲೆ ಹಣ್ಣುನೊಣ ಬಂದು ಚುಚ್ಚಿ ಮೊಟ್ಟೆ ಇಡುತ್ತದೆ. ಎಳೆಯದರಲ್ಲೇ ಕಾಗದ ಸುತ್ತಿಬಿಟ್ಟರೆ ವಿಷ ಹೊಡೆಯುವ ಪ್ರಮೇಯವೇ ಬರುವುದಿಲ್ಲ.

ಮಂಗ, ನವಿಲುಗಳ ಕಾಟ ಸುಳ್ಳಲ್ಲ. ಹಳ್ಳಿಯಲ್ಲಿ ಎಷ್ಟೋ ಜನ ತರಕಾರಿ ಬಿಟ್ಟದ್ದು ಅದಕ್ಕೇ. ಬಲೆ ಕಟ್ಟಬೇಕು, ಕಾಯಬೇಕು. ಸುಲಭದ ಉಪಾಯ ನನಗೂ ಗೊತ್ತಿಲ್ಲ.

ಇಷ್ಟು ಮಾಡಿದ ಮೇಲೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಬೆಂಡೆಗೆ ಐವತ್ತರ ಸುಮಾರು ಕಾಯಿ ಬೇಕು. ಒಂದು ಗಿಡ ಎರಡು ಮೂರು ದಿನಕ್ಕೊಂದು ಕಾಯಿ ಕೊಡುತ್ತದೆ. ಅಂದರೆ ದಿನಾ ಬೆಳಿಗ್ಗೆ ಒಂದು ಕಿಲೋ ಬೆಂಡೆ ಮಾರಬೇಕಾದರೆ ಪೇಟೆಗೆ ತರಕಾರಿ ತರುವ ಹೆಂಗಸಿನ ಗದ್ದೆಯಲ್ಲಿ ನೂರಕ್ಕೂ ಹೆಚ್ಚು ಗಿಡ ಇರಬೇಕು, ಅಷ್ಟಕ್ಕೂ ದಿನಾ ನೀರು ಹೋಗಬೇಕು, ಮುಳ್ಳುಮುಳ್ಳಾದ ಎಲೆಗಳ ನಡುವೆ ಕೈ ಹಾಕಿ ಬೆಳಕು ಹರಿಯುವ ಮೊದಲು ಕೊಯ್ಯಬೇಕು, ಮೊದಲ ಬಸ್ಸಿಗೆ ಪೇಟೆಗೆ ಬರಬೇಕು. ಮಾರ್ಕೆಟಿನ ಮೂಲೆಯಲ್ಲಿ ಗೋಣಿ ಹಾಸಿ ಕುಳಿತವಳು ಊರಿನ ಬೆಂಡೆಗೆ ಘಟ್ಟದ ಬೆಂಡೆಗಿಂತ ಹೆಚ್ಚು ಕೇಳಿದರೆ, ಹತ್ತು ಗಿಡಕ್ಕೆ ನೀರು ಹಾಕಿ ಗೊತ್ತಿದ್ದವರು ತುಟಿ ಬಿಚ್ಚದೆ ಕೊಡುತ್ತಾರೆ. ಗಿಡ ನೆಡದವರಿಗೆ ಅದು ದುಬಾರಿಯಾಗಿ ಕಾಣುತ್ತದೆ. ಈ ವ್ಯತ್ಯಾಸಕ್ಕಾಗಿಯೇ ನಾನು ನಿಮಗೆ ಬೀಜ ಹಾಕಿ ಎನ್ನುತ್ತಿರುವುದು.

ಕೊಳ್ಳುವುದರಲ್ಲೂ ಕಲಿಯಬೇಕಾದ್ದಿದೆ. ಮೊದಲೇ ಬರೆದ ಪಟ್ಟಿ ಹಿಡಿದುಕೊಂಡು ಹೋಗಬೇಡಿ; ಹೋಗಿ, ಅವಳ ಬುಟ್ಟಿಯಲ್ಲಿ ಏನಿದೆ ನೋಡಿ, ಅದರ ಮೇಲೆ ಆ ದಿನದ ಅಡುಗೆ ನಿಶ್ಚಯಿಸಿ. ಡೊಂಕು ಸೌತೆ, ಹುಳ ಕೊರೆದ ಎರಡು ಎಲೆ ಇರುವ ಹರಿವೆ ಸೂಡಿಯನ್ನು ಪಕ್ಕಕ್ಕೆ ಸರಿಸಬೇಡಿ. ವಾರಕ್ಕೆ ಒಂದು ದಿನವಾದರೂ ಒಬ್ಬರ ಹತ್ತಿರವೇ ಕೊಂಡು ರೂಢಿ ಮಾಡಿಕೊಳ್ಳಿ. ಗಿರಾಕಿ ತಪ್ಪದೆ ಬರುತ್ತಾರೆಂಬ ಧೈರ್ಯ ಇದ್ದರೆ ಬೆಳೆಯುವವಳು ಮುಂದಿನ ವರ್ಷ ಇನ್ನೊಂದು ಸಾಲು ಹೆಚ್ಚು ಹಾಕುತ್ತಾಳೆ. ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗದವರು ಭಾನುವಾರದ ಸಂತೆ ನಡೆಸಿಕೊಂಡು ಬಂದಿದ್ದಾರೆ. ಬೆಳೆದವರೂ ತಿನ್ನುವವರೂ ಅಲ್ಲಿ ಎದುರೆದುರು ನಿಂತು ಮಾತಾಡುತ್ತಾರೆ. ಅಂಥದ್ದು ಪ್ರತಿ ಊರಿನ ದೇವಸ್ಥಾನದ ಎದುರು, ಶಾಲೆಯ ಮೈದಾನದ ಬದಿಯಲ್ಲಿ ಆಗಬೇಕು. ಸಂಘಟಿಸಲು ನಿಮ್ಮ ಫೋನು ಸಾಕು, ನಮ್ಮ ಕಾಲದಲ್ಲಿ ಆ ಸೌಕರ್ಯ ಇರಲಿಲ್ಲ.

ಇದು ಆಗದ ಮಾತು ಎನ್ನುವವರು ಉಡುಪಿ ಜಿಲ್ಲೆಯ ಶಂಕರಪುರದ ಕಡೆ ಒಮ್ಮೆ ಹೋಗಿಬನ್ನಿ. ಮನೆ ಅಂಗಳದ ಹತ್ತಿಪ್ಪತ್ತು ಮಲ್ಲಿಗೆ ಗಿಡ ನಂಬಿಕೊಂಡು ಅಲ್ಲಿನ ಹೆಂಗಸರು ಮಕ್ಕಳನ್ನು ಓದಿಸಿದ್ದಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ಶಂಕರಪುರದಲ್ಲೇ ನಿಶ್ಚಯವಾಗುತ್ತದೆ. ಮನೆಮನೆಯ ಹೂವು ಮಾರಾಟವಾಗುವಂಥ ವ್ಯವಸ್ಥೆಯನ್ನು ಸಣ್ಣ ಊರೊಂದು ಕಟ್ಟಿಕೊಂಡಿದೆ. ದೇವರ ಮುಡಿಗೆ ಏರುವ ಹೂವಿಗೆ ಇಷ್ಟು ಮಾಡಿದವರು ಊಟದ ಬಸಳೆಗೆ ಯಾಕೆ ಮಾಡಬಾರದು? ಅಂಗಳದಲ್ಲಿ ಒಂದೊಂದೇ ಚಪ್ಪರ ಇರುವ ಇಪ್ಪತ್ತು ಮನೆಗಳು ಒಟ್ಟಾದರೆ ಒಂದು ಬೀದಿಗೆ ಬೇಕಾದ ಬಸಳೆ ಆಗುತ್ತದೆ. ಹಲಸಿನ ಬೀಜ ಸಿಗುವ ಕಾಲವೂ ಹತ್ತಿರ ಬರುತ್ತಿದೆ. ಬಸಳೆಗೆ ಹಲಸಿನ ಬೀಜ ಹಾಕಿದ ಪದಾರ್ಥ, ತಿನ್ನುವವರಿಗೆ ಸಿಗಡಿ ಅಥವಾ ಮರುವಾಯಿ ಹಾಕಿದ್ದು. ಅದರ ರುಚಿ ಗೊತ್ತಿದ್ದವರು ಈ ಮಾತನ್ನು ತಳ್ಳಿಹಾಕಲಾರರು.

ಬೀಜದ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. ಕಟಪಾಡಿಯ ಹತ್ತಿರ ಕಡಲ ಬದಿಯ ಮಟ್ಟು ಗ್ರಾಮದಲ್ಲಿ ಬೆಳೆಯುವ ಗುಳ್ಳ ಬದನೆ ನಿಮಗೆಲ್ಲ ಗೊತ್ತು: ಗುಂಡಗೆ, ತಿಳಿಹಸಿರು, ಮೈಮೇಲೆ ಬಿಳಿಯ ಗೀರು, ತೆಳ್ಳಗಿನ ಸಿಪ್ಪೆ. ಹದಿನಾರನೇ ಶತಮಾನದ ಯತಿ ವಾದಿರಾಜರು ಅದರ ಬೀಜ ಕೊಟ್ಟರೆಂದು ಊರಿನವರು ನಂಬುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ ಬಂದಾಗ ಹೊರೆಕಾಣಿಕೆಯ ಜೊತೆ ಗುಳ್ಳವೂ ಉಡುಪಿಯ ಕೃಷ್ಣಮಠಕ್ಕೆ ಹೋಗುತ್ತದೆ. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗಿದರೆ ಬೆಳೆ ಹೋದಂತೆಯೇ, ಹಾಗಿದ್ದೂ ಅಲ್ಲಿನವರು ಬೇಸಾಯ ಬಿಟ್ಟಿಲ್ಲ. ಕುಲಾಂತರಿ ಬದನೆಯ ಗಲಾಟೆ ಎದ್ದಾಗ ಮಟ್ಟುಗುಳ್ಳದ ಹೆಸರೂ ಅದರಲ್ಲಿ ಎದ್ದಿತು. 2010ರ ಫೆಬ್ರವರಿಯಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಮರುವರ್ಷ, 2011ರಲ್ಲಿ, ಮಟ್ಟುಗುಳ್ಳಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಈಗ ಬೆಳೆಗಾರರ ಸಂಘದವರು ಅಸಲಿ ಗುಳ್ಳಕ್ಕೆ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಇಷ್ಟೆಲ್ಲ ಆದದ್ದು ಜನ ಅದನ್ನೇ ಕೇಳಿ ಕೊಂಡದ್ದರಿಂದ. ಉಡುಪಿಯ ಅಡುಗೆಮನೆ ಗುಳ್ಳ ಬಿಟ್ಟು ಬೇರೆ ಬದನೆಯಲ್ಲಿ ತೃಪ್ತಿಪಟ್ಟಿದ್ದರೆ ಮಠದ ಕಟ್ಟಳೆಯೊಂದೇ ಅದರ ಬೀಜವನ್ನು ಉಳಿಸುತ್ತಿತ್ತೆಂದು ನನಗೆ ನಂಬಿಕೆಯಿಲ್ಲ.

ಗುಳ್ಳಕ್ಕೆ ಹೆಸರು ಬಂತು. ಹೆಸರು ಬಾರದ ಎಷ್ಟೋ ಬೀಜಗಳು ನಮ್ಮ ನಡುವೆ ಇವೆ. ಉದ್ದನೆಯ ಬಿಳಿ ಬೆಂಡೆ, ಕೆಂಪು ಹರಿವೆ, ಮೊಳದುದ್ದದ ಅಲಸಂಡೆ, ಮುಳ್ಳುಸೌತೆಯ ಹಳೆಯ ತಳಿ, ಯಾರದ್ದೋ ಹಿತ್ತಿಲಲ್ಲಿ ಮಾತ್ರ ಉಳಿದಿರುವ ಬದನೆ. ಅಂಗಡಿಯ ಪೊಟ್ಟಣದ ಮೇಲೆ ಎಫ್‌1 ಎಂದು ಬರೆದಿದ್ದರೆ ಅದು ಹೈಬ್ರಿಡ್. ಅದರ ಕಾಯಿಯಿಂದ ಬೀಜ ತೆಗೆದು ಹಾಕಿದರೆ ತಾಯಿಗಿಡದಂಥ ಗಿಡ ಬರುವುದಿಲ್ಲ. ಊರಿನ ಬೀಜವಾದರೆ ಹುಲುಸಾದ ಗಿಡದ ಒಳ್ಳೆಯ ಎರಡು ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೀಜಕ್ಕೆ ಬೂದಿ ಬೆರೆಸಿ ಇಟ್ಟುಕೊಳ್ಳಬಹುದು. ಶಿರಸಿಯ ಕಡೆ 2001ರಿಂದ ವನಸ್ತ್ರೀ ಬಳಗದ ಮಹಿಳೆಯರು ತಮ್ಮ ಹಿತ್ತಿಲಿನ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಉಳಿಸಿದ್ದಾರೆ. ಅದಕ್ಕೆ ದೊಡ್ಡ ಹಣ ಬೇಕಾಗಿಲ್ಲ, ಪಕ್ಕದ ಮನೆಯ ಹಿರಿಯ ಹೆಂಗಸಿನ ಹತ್ತಿರ ಹೋಗಿ ಕುಳಿತು ಕೇಳುವ ತಾಳ್ಮೆ ಬೇಕು. ನಮ್ಮ ತಲೆಮಾರಿನವರು ಒಬ್ಬೊಬ್ಬರಾಗಿ ಹೋಗುತ್ತಿದ್ದೇವೆ. ಕಪಾಟಿನ ಡಬ್ಬಿಯಲ್ಲಿ ಬೂದಿ ಬೆರೆಸಿಟ್ಟ ಬೀಜ ಯಾವುದೆಂದು ಹೇಳುವವರು ಇಲ್ಲವಾದರೆ ಮನೆ ಗುಡಿಸುವಾಗ ಅದೂ ಕಸಕ್ಕೆ ಹೋಗುತ್ತದೆ. ಬಿಸುವಿಗೆ ಅಜ್ಜಿಯ ಕಾಲು ಹಿಡಿಯಲು ಹೋಗುತ್ತೀರಲ್ಲ, ಆಗ ಬೀಜ ಕೇಳಿ. ಖುಷಿಯಿಂದ ಕೊಡುತ್ತಾರೆ.

ಕೊನೆಯದಾಗಿ ಒಂದು ಬೇಡಿಕೆ, ಮದುವೆ ನಿಶ್ಚಯವಾದವರಿಗೆ. ಏಪ್ರಿಲ್, ಮೇ ನಮ್ಮಲ್ಲಿ ಮದುವೆ, ಬ್ರಹ್ಮಕಲಶ, ನೇಮಗಳ ಕಾಲ. ಊರಿನ ತರಕಾರಿ ಗದ್ದೆಯಲ್ಲಿ ತುಂಬಿರುವುದೂ ಅದೇ ಕಾಲದಲ್ಲಿ. ಆದರೂ ಮದುವೆ ಹಾಲ್‌ನ ಬಾಗಿಲಿಗೆ ಬಂದು ಇಳಿಯುವುದು ಹೂಕೋಸು, ಕ್ಯಾರೆಟ್, ಬೀನ್ಸಿನ ಚೀಲಗಳು. ಸೌತೆಯ ಹುಳಿ, ಗುಳ್ಳದ ಸಾಂಬಾರು, ಅಲಸಂಡೆ ಪಲ್ಯ, ಕುಂಬಳದ ಕಾಯಿಹುಳಿ, ತೊಂಡೆಕಾಯಿ ಗೇರುಬೀಜದ ಪಲ್ಯ ಬಡಿಸಿದರೆ ಯಾವ ನೆಂಟರೂ ಮುಖ ಸಿಂಡರಿಸುವುದಿಲ್ಲ. ಬೆಂಗಳೂರಿನಿಂದ, ಮುಂಬಯಿಯಿಂದ ಬಂದವರು ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಐನೂರು ಜನರ ಒಂದು ಊಟ ಒಬ್ಬ ಸಣ್ಣ ಬೆಳೆಗಾರನ ಸೌತೆಯನ್ನು ಒಂದೇ ದಿನದಲ್ಲಿ, ಮಧ್ಯವರ್ತಿಯಿಲ್ಲದೆ, ಸರಿಯಾದ ಬೆಲೆಗೆ ಮಾರಿಕೊಡಬಲ್ಲದು. ಅದಕ್ಕೆ ಅವನಿಗೆ ಮೊದಲೇ ತಿಳಿದಿರಬೇಕು, ಯಾಕೆಂದರೆ ಸೌತೆಗೆ ಎರಡು ತಿಂಗಳು ಬೇಕು. ಮೇ ತಿಂಗಳಲ್ಲಿ ಮುಹೂರ್ತ ಇಟ್ಟುಕೊಂಡವರು ಅಡುಗೆ ಭಟ್ಟರಲ್ಲಿ ಪಟ್ಟಿ ಬರೆಸುವ ಮೊದಲು, ಈ ವಾರವೇ, ನಿಮ್ಮ ಊರಿನ ತರಕಾರಿ ಬೆಳೆಗಾರರೊಬ್ಬರಿಗೆ ಫೋನ್ ಮಾಡಿ ಎಷ್ಟು ಕಿಲೋ ಬೇಕೆಂದು ಹೇಳಿಬಿಡಿ.